ಮಾಳಿಗೆಯ ಮೇಲಿನ ಚರಗ

ಬೀಗತಿಯ ಕಣ್ಣಿನ ಪೊರೆ ತೆಗೆಸಿದ್ದು ಸೀಗಿ ಹುಣ್ಣಿಮೆಯ ಹಿಂದಿನ ವಾರ. ಒಂದು ವಾರ ತಡೆದು ತೆಗೆಸಿದ್ದರೆ ನಮ್ಮ ದಾಸವಾಳಕ್ಕೆ ಆ ಗತಿ ಬರುತ್ತಿರಲಿಲ್ಲ, ನನ್ನ ಮೈಯಲ್ಲಿ ಸಕ್ಕರೆಯೂ ಏರುತ್ತಿರಲಿಲ್ಲ.

ಬೀಗತಿ ಅಂದರೆ ನನ್ನ ಸೊಸೆಯ ತಾಯಿ. ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯಲ್ಲಿ ಹೊಲಮನೆ ಮಾಡಿಕೊಂಡಿರುವ ಹೆಂಗಸು. ಗದಗಿನ ದವಾಖಾನೆಯಲ್ಲಿ ಕಣ್ಣು ಮಾಡಿಸಿಕೊಂಡು, ಬೆಟಗೇರಿಯ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತಳು. ಧೂಳಿಗೆ ಹೋಗಬೇಡಿ, ಬಗ್ಗಬೇಡಿ, ತಲೆಗೆ ನೀರು ಹಾಕಿಕೊಳ್ಳಬೇಡಿ ಅಂತ ಡಾಕ್ಟರು ಹೇಳಿದ್ದರು. ಮಾತಾಡಬೇಡಿ ಅನ್ನುವುದನ್ನು ಮಾತ್ರ ಮರೆತಿದ್ದರು.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಪೈರು ಹೊತ್ತ ಭೂಮಿತಾಯಿ ಬಸುರಿ, ಬಸುರಿಗೆ ಬಯಕೆಯ ಊಟ. ಹೋಳಿಗೆ, ಕಡುಬು, ಪುಂಡಿಪಲ್ಲೆ, ಮೊಸರು ಬುತ್ತಿ ಎಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಕಲಸಿ, ‘ಹುಲ್ಲುಲ್ಲಿಗ್ಯೋ’ ಅಂತ ಕೂಗುತ್ತ ಹೊಲದ ತುಂಬ ಎರಚುವುದು. ನಾನೂ ಹರ್ತಿಯ ಹೊಲದಲ್ಲಿ ಬೆಳೆದವಳು, ಎಷ್ಟೋ ಸಲ ಎರಚಿದ್ದೇನೆ. ಬೀಗತಿ ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿದವಳಲ್ಲ. ಈ ಸಲ ಕಣ್ಣು ತಪ್ಪಿಸಿತು. ಹುಣ್ಣಿಮೆಯ ದಿನ ಬೆಳಿಗ್ಗೆಯಿಂದ ಚಡಪಡಿಕೆ.

“ನಿಮ್ಮ ಮಗ ಚೆಲ್ತಾನ ಬಿಡ್ರಿ, ಯಾಕ ಹಂಗ ಮಾಡ್ತೀರಿ” ಅಂದೆ.

“ಗಂಡಸರು ಚೆಲ್ಲೂದು ಚೆಲ್ಲೂದೇನ್ರಿ? ತಾವು ಹೊಟ್ಟಿ ತುಂಬ ಉಂಡು, ಉಳಿದದ್ದು ಝಾಡಿಸಿ ಬರ್ತಾರ” ಅಂದಳು.

ಮಧ್ಯಾಹ್ನ ಅಡುಗೆ ಆದ ಮೇಲೆ ನೋಡುತ್ತೇನೆ, ಬುಟ್ಟಿ ಹಿಡಿದುಕೊಂಡು, ಗೋಡೆ ತಡವುತ್ತ ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಾಳೆ.

“ಬೀಗತಿಯವರ, ಎಲ್ಲಿಗೆ ಹೊಂಟ್ರಿ?”

“ಮಾಳಗಿಗೆ. ಅಲ್ಲಿ ಮಣ್ಣು ಐತೆಲ್ಲ?”

“ಐತಿ, ಡಬ್ಬ್ಯಾಗ ಐತಿ. ಡಬ್ಬಿಗೆ ಯಾರರ ಚರಗ ಚೆಲ್ತಾರೇನ್ರಿ?”

“ಡಬ್ಬ್ಯಾಗಿದ್ರೇನು, ಹೊಲದಾಗಿದ್ರೇನು, ಭೂಮಿತಾಯಿ ಒಬ್ಬಾಕೀನ. ಡಬ್ಬ್ಯಾಗ ಇದ್ದಾಕಿಗೆ ಹಸಿವು ಆಗೂದಿಲ್ಲೇನು?”

ಕರಿ ಕನ್ನಡಕ ಹಾಕಿಕೊಂಡವಳ ಮುಂದೆ ಮಾರಿ ಸೊಟ್ಟ ಮಾಡಿದರೂ ಕಾಣುವುದಿಲ್ಲ. ಸೊಸೆಯೂ ನಾನೂ ಹಿಂದೆ ಹತ್ತಿದೆವು.

ಮಾಳಿಗೆಯ ಮೇಲೆ ಇರುವುದು ನನ್ನ ಸೊಸೆಯ ತೋಟ. ತೋಟ ಅಂದರೆ, ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ಎಣ್ಣೆಯ ಡಬ್ಬಿ, ನಾಲ್ಕಾರು ಮಣ್ಣಿನ ಕುಂಡ. ಅದರಲ್ಲಿ ಬದನೆ, ಕೊತ್ತಂಬರಿ, ತುಳಸಿ, ಒಂದು ಗುಲಾಬಿ, ಒಂದು ದಾಸವಾಳ. ಎಕರೆಗಟ್ಟಲೆ ಶೇಂಗಾ ಕಿತ್ತ ನನಗೆ ಅದನ್ನು ನೋಡಿದರೆ ನಗು ಬರುತ್ತದೆ. ಒಂದು ಡಬ್ಬಿ ಮಣ್ಣಿಗೆ ಇಷ್ಟು ಆರೈಕೆಯೇ ಅಂತ ಬಾಯಿಬಿಟ್ಟು ಅಂದೂ ಇದ್ದೇನೆ. ಆದರೆ ದಾಸವಾಳದ ಮಾತಿಗೆ ಹೋಗುವುದಿಲ್ಲ. ಅದು ಎರಡು ಸುತ್ತಿನ ಕೇಸರಿ ದಾಸವಾಳ. ಸೊಸೆ ಮದುವೆಯಾಗಿ ಬಂದ ವರ್ಷ ತವರಿನ ಹಿತ್ತಲಿಂದ ಒಂದು ಕಡ್ಡಿ ಮುರಿದು, ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ಹಚ್ಚಿದ್ದು. ಆಮೇಲೆ ಅಲ್ಲಿ ಪಾಯಿಖಾನೆ ಕಟ್ಟಿಸುವಾಗ ಹಿತ್ತಲಿನ ತಾಯಿಗಿಡವನ್ನು ಕಡಿದು ಹಾಕಿದರು. ಈಗ ಆ ಬಣ್ಣದ್ದು ಇರುವುದು ಇದೊಂದೇ. ಸೊಸೆ ಅದನ್ನು ‘ನಮ್ಮ ದಾಸಾಳ’ ಅನ್ನುತ್ತಾಳೆ. ನನ್ನನ್ನು ‘ನಮ್ಮತ್ತಿ’ ಅಂದದ್ದು ನಾನಂತೂ ಕೇಳಿಲ್ಲ.

ಬೀಗತಿ ಅಂದಾಜಿನ ಮೇಲೆ ಎರಚಿದಳು. ಬದನೆಯ ಎಲೆಯ ಮೇಲೆ ಕಡುಬು, ಗುಲಾಬಿಯ ಮುಳ್ಳಿಗೆ ಪುಂಡಿಪಲ್ಲೆ, ನನ್ನ ತಲೆಯ ಮೇಲೆ ಮೊಸರು ಬುತ್ತಿ. ದಾಸವಾಳದ ಬುಡಕ್ಕೆ ಮಾತ್ರ ಸೊಸೆ ತಾಯಿಯ ಕೈ ಹಿಡಿದು ಒಂದು ಇಡೀ ಹೋಳಿಗೆ ಹಾಕಿಸಿದಳು. ‘ಹುಲ್ಲುಲ್ಲಿಗ್ಯೋ’ ಅಂತ ಅವರಿಬ್ಬರೂ ಕೂಗಿದ್ದಕ್ಕೆ ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಟ್ಟೆ ಬಿಟ್ಟು ಕೆಳಗೆ ಓಡಿದಳು.

ಆಗಬಾರದ್ದು ಆದದ್ದು ಮುಂದಿನ ವಾರ. ದಾಸವಾಳ ಮೈತುಂಬ ಹೂ ಬಿಟ್ಟಿತು. ಮಳೆ ಹಿಡಿದು ಬಿಟ್ಟ ಮೇಲೆ ಅದು ವರ್ಷವೂ ಬಿಡುತ್ತದೆ. ಆದರೆ ತಾಯಿ-ಮಗಳಿಗೆ ಅದು ಚರಗದ ಹೂವಾಯಿತು. ಬೀಗತಿ ಊರಿಗೆ ಹೊರಡುವಾಗ ಮಗಳಿಗೆ ಅಪ್ಪಣೆ ಮಾಡಿದಳು.

“ನೋಡ ಮಗಳ, ಒಮ್ಮೆ ಶುರು ಮಾಡಿದ ಮ್ಯಾಲೆ ಬಿಡಬಾರದು. ಸುಗ್ಗಿ ಮುಗಿಯೂ ಮಟ ದಿನಾ ಒಂದು ತುತ್ತು ಬೆಲ್ಲ-ಅನ್ನ ಬುಡಕ್ಕ ಇಡು.”

ಇಂಥ ಪದ್ಧತಿ ನಾನು ಹರ್ತಿಯಲ್ಲಿ ಕೇಳಿಲ್ಲ, ಅಡರಕಟ್ಟಿಯಲ್ಲೂ ಇರಲಿಕ್ಕಿಲ್ಲ. ಬೀಗತಿ ನಮ್ಮ ಹೊಸ್ತಿಲ ಮೇಲೆ ನಿಂತು, ಚಪ್ಪಲಿ ಮೆಟ್ಟುತ್ತ ಹುಟ್ಟಿಸಿದ ಪದ್ಧತಿ ಅದು. ಸೊಸೆ ಅದನ್ನು ವೇದ ಮಾಡಿಕೊಂಡಳು. ದಿನಾ ಬೆಳಿಗ್ಗೆ ದೇವರ ನೈವೇದ್ಯ ಆದ ಮೇಲೆ ಒಂದು ಎಲೆಯ ತುಂಡಿನಲ್ಲಿ ಬೆಲ್ಲ-ಅನ್ನ ದಾಸವಾಳದ ಬುಡಕ್ಕೆ.

ದೀಪಾವಳಿ ಮುಗಿದು ಚಳಿ ಹತ್ತಿದಾಗ ಗಿಡದ ಕುಡಿಗಳ ಮೇಲೆ ಬೆಳ್ಳಗೆ ಕಾಣಿಸಿತು. ಗಿರಣಿಯಿಂದ ತಂದ ಹಿಟ್ಟಿನ ಕೈಯನ್ನು ಗಿಡಕ್ಕೆ ಒರೆಸಿದಂತೆ. ಮೊಗ್ಗು ಮುರುಟಿಕೊಂಡವು, ಎಲೆ ಮುದುಡಿದವು. ಬೆರಳಲ್ಲಿ ಒತ್ತಿದರೆ ಒಳಗಿಂದ ರಸ ಬಂತು. ಹಿಟ್ಟಲ್ಲ, ಹುಳ. ಔಷಧಿ ಅಂಗಡಿಯವರು ಅದಕ್ಕೆ ಹಿಟ್ಟುತಿಗಣೆ ಅನ್ನುತ್ತಾರಂತೆ. ಸರಿಯಾದ ಹೆಸರು. ಜೀವವಿದ್ದ ಹಿಟ್ಟು.

ಮೊದಲು ಕೂಗಾಡಿದವನು ನನ್ನ ಮಗ. ಅವನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ತೊಡುವುದು ಬಿಳಿ ಅರಿವೆ. ದಾಸವಾಳದ ಟೊಂಗೆ ಮಾಳಿಗೆಯ ಅಂಚಿನಿಂದ ಹೊರಗೆ ಚಾಚಿತ್ತು. ಸರಿಯಾಗಿ ಅದರ ಕೆಳಗೆ ಇವನ ಗಾಡಿ ನಿಲ್ಲುತ್ತದೆ. ಗಿಡದಿಂದ ಅಂಟು ಉದುರಿ ಗಾಡಿಯ ಸೀಟೆಲ್ಲ ಬೆಲ್ಲದ ಪಾಕ ಬಳಿದಂತಾಗಿತ್ತು.

“ಯವ್ವಾ, ಅಂಗಡ್ಯಾಗ ಗಿರಾಕಿ ಬಂತಂತ ಎದ್ರ, ನನ್ನ ಕೂಡ ಕುರ್ಚೀನೂ ಎದ್ದು ನಿಂತಿತು!”

“ಮರ್ಯಾದಿ ಗೊತ್ತಿದ್ದ ಕುರ್ಚಿ ಬಿಡೋ” ಅಂದೆ.

ಅವನು ನಗಲಿಲ್ಲ. ಹೆಂಡತಿಯ ಕಡೆ ತಿರುಗಿ, “ಸಂಕ್ರಾಂತಿ ಮಟ ನೋಡ್ತೀನಿ. ಅಷ್ಟೊತ್ತಿಗೆ ಆ ಹುಳ ಹೋಗಲಿಲ್ಲಂದ್ರ ಗಿಡಾನ ಕಿತ್ತು ಒಗಿತೀನಿ” ಅಂದ.

ಸೊಸೆ ಮಾತಾಡಲಿಲ್ಲ. ಅವಳು ಮಾತಾಡಿದರೆ ನನಗೆ ತಲೆನೋವು, ಮಾತಾಡದಿದ್ದರೆ ಅಡುಗೆ ಕೆಡುತ್ತದೆ. ಅವತ್ತು ರಾತ್ರಿಯ ರೊಟ್ಟಿ ಚಪ್ಪಲಿಯ ಅಟ್ಟೆಯಂತಿತ್ತು. ಇನ್ನು ಈ ಹುಳದ ಕತೆ ನಾನೇ ಮುಗಿಸಬೇಕು ಅಂತ ನಿಶ್ಚಯ ಮಾಡಿದೆ. ಗಿಡದ ಮೇಲಿನ ಪ್ರೀತಿಗಲ್ಲ, ಹಲ್ಲಿನ ಮೇಲಿನ ಪ್ರೀತಿಗೆ.

ನಮ್ಮ ಕಾಲದಲ್ಲಿ ಅವರೆ ಬಳ್ಳಿಗೆ ಹೇನು ಬಿದ್ದರೆ ಒಲೆಯ ಬೂದಿ ಉಗ್ಗುತ್ತಿದ್ದೆವು. ಈಗ ಕಟ್ಟಿಗೆಯ ಒಲೆಯೂ ಇಲ್ಲ, ಬೂದಿಯೂ ಇಲ್ಲ. ಇಸ್ತ್ರಿಯವನ ಹತ್ತಿರ ಇದ್ದಿಲ ಬೂದಿ ಬೇಡಿ ತಂದೆ. ಎರಡು ಕೈಯಿಂದ ಉಗ್ಗಿದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಿಡಕ್ಕೆ ಒಂದು ಚಿಟಿಕೆ ಬಿದ್ದಿತು, ಮಿಕ್ಕದ್ದು ಅಲ್ಲೇ ಒಣಹಾಕಿದ್ದ ಮಗನ ಬಿಳಿ ಅಂಗಿಗಳ ಮೇಲೆ. ಅವನು ಬಂದು ನನ್ನ ಮುಖ ನೋಡಿ, “ಯಾವ ಜಾತ್ರಿಗೆ ವೇಷ ಹಾಕೀದಿ?” ಅಂದ.

ಆಮೇಲೆ ಅಕ್ಕಿಯ ಗಂಜಿ. ಬೆಟಗೇರಿಯಲ್ಲಿ ನೂಲಿಗೆ ಗಂಜಿ ಹಾಕುವುದನ್ನು ನೋಡುತ್ತಲೇ ಮುದುಕಿಯಾದವಳು ನಾನು. ನೂಲನ್ನು ಬಿಗಿ ಮಾಡುವ ಗಂಜಿ ಹುಳದ ಉಸಿರನ್ನೂ ಬಿಗಿ ಮಾಡೀತು ಅನ್ನುವುದು ನನ್ನ ಲೆಕ್ಕ. ತೆಳ್ಳಗೆ ಮಾಡಿ ಬಳಿದೆ. ಒಣಗಿದ ಮೇಲೆ ಹಪ್ಪಳದ ಪೊರೆಯಂತೆ ಎದ್ದು ಬಂತು. ಎಲೆಯ ಮೇಲಿನ ಅಂಟಿಗೆ ಹತ್ತಿಕೊಂಡಿದ್ದ ಕರಿ ಮಸಿ ಅದರ ಜೊತೆ ಹೋದದ್ದು ಖರೆ. ಗಿಡ ಇಸ್ತ್ರಿ ಮಾಡಿದ ಇಳಕಲ್ ಸೀರೆಯಂತೆ ನೆಟ್ಟಗೆ ನಿಂತಿತು. ಸಂದಿಯಲ್ಲಿದ್ದ ಹುಳ ಮಾತ್ರ ಸೆರಗಿನ ಗೊಂಡೆಯಂತೆ ಇನ್ನೂ ಚಂದ ಕಂಡವು.

ಮೆಣಸಿನಕಾಯಿ-ಬೆಳ್ಳುಳ್ಳಿ ಅರೆದ ನೀರನ್ನೂ ಹೊಡೆದೆ. ಓಣಿಯ ಅರ್ಧ ಜನ ಕೆಮ್ಮಿದರು. ನಮ್ಮ ಊರಿನ ಹುಳ ಅಲ್ಲವೇ, ಮಿರ್ಚಿ ಬಜಿಯ ಗಾಳಿ ಕುಡಿದೇ ಬೆಳೆದವು. ಚಪ್ಪರಿಸಿಕೊಂಡು ಕೂತವು.

ಮಗ ಔಷಧಿ ಅಂಗಡಿಯಿಂದ ಒಂದು ಬಾಟಲಿ ತಂದ. ಹತ್ತಿಗೆ ಹೊಡೆಯುವ ಎಣ್ಣೆ. ಹೊಲದವರು ಔಷಧಿಗೆ ಎಣ್ಣೆ ಅಂತಲೇ ಅನ್ನುತ್ತಾರೆ. ಅದನ್ನು ನಾನು ಮುಚ್ಚಳ ತೆಗೆಯಲು ಬಿಡಲಿಲ್ಲ. “ಬಾಜೂಕ ಕೊತ್ತಂಬರಿ ಐತಿ. ನಿನ್ನ ಸಾರಿನಾಗ ಬೀಳ್ತೈತಿ. ಹುಳಕ್ಕಿಂತ ಮೊದ್ಲ ನೀ ಉದುರ್ತಿ” ಅಂತ ವಾಪಸು ಕಳಿಸಿದೆ.

ಸೊಸೆ ತನ್ನ ಫೋನಿನಲ್ಲಿ ಗಿಡದ ವಿಡಿಯೊ ಮಾಡುವ ಒಬ್ಬನನ್ನು ಹುಡುಕಿದಳು. ಬಿಳಿ ಟೋಪಿ, ಹಸಿರು ಪೈಪು. “ದಿನವೂ ಜೋರಾಗಿ ನೀರು ಹಾಯಿಸಿ, ಕೀಟ ತೊಳೆದು ಹೋಗುತ್ತದೆ” ಅನ್ನುತ್ತ ಗಿಡಕ್ಕೆ ಕಾಲುವೆಯಂತೆ ನೀರು ಬಿಡುತ್ತಿದ್ದ. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಯಾವಾಗ ಬರುತ್ತದೆ ಅನ್ನುವುದು ನಳಕ್ಕೂ ಗೊತ್ತಿರುವುದಿಲ್ಲ. ಬಂದ ದಿನ ಕೊಡ, ಡ್ರಮ್ಮು, ಚರಿಗೆ, ಕೊನೆಗೆ ಚಹದ ಬಟ್ಟಲನ್ನೂ ಬಿಡದೆ ತುಂಬಿಕೊಳ್ಳುತ್ತೇವೆ.

“ಹುಳಕ್ಕ ದಿನಾ ಜಳಕ ಮಾಡಸ್ಬೇಕಂತ. ನಿನ್ನ ಗಂಡ ಎರಡ ದಿನಕ್ಕೊಮ್ಮೆ ಮಾಡ್ತಾನ” ಅಂದೆ. ಅವಳು ಫೋನು ಮುಚ್ಚಿದಳು.

ಬೇವಿನೆಣ್ಣೆ ಒಳ್ಳೆಯದು ಅಂತ ಎಲ್ಲರೂ ಅಂದರು. ಒಳ್ಳೆಯದೇ. ಎರಡು ಹನಿ ಹಾಕಿದರೆ ಒಳ್ಳೆಯದಾದದ್ದು ಒಂದು ಬಟ್ಟಲು ಹಾಕಿದರೆ ಇನ್ನೂ ಒಳ್ಳೆಯದು ಅಂತ ನಾನು ತಿಳಿದೆ. ಸೋಪಿನ ನೀರಲ್ಲಿ ಕಲಸಿ ನಡುಮಧ್ಯಾಹ್ನದ ಬಿಸಿಲಲ್ಲಿ ಹೊಡೆದೆ. ಸಂಜೆ ನೋಡಿದರೆ ಎಲೆಗಳು ಎಣ್ಣೆಯಲ್ಲಿ ಕರಿದ ಸಂಡಿಗೆ. ಸೊಸೆ ಉದುರಿದ ಎಲೆಗಳನ್ನು ಬುಟ್ಟಿಗೆ ಆರಿಸಿದಳು, ನನ್ನ ಕಡೆ ನೋಡಲಿಲ್ಲ. ಮರುದಿನದ ರೊಟ್ಟಿಯ ವಿಷಯ ಹೇಳುವುದು ಬೇಡ.

ಎಳ್ಳಮಾವಾಸ್ಯೆಯ ಆಸುಪಾಸು ಒಂದು ದಿನ ಬಿಸಿಲಿಗೆ ಬೆನ್ನು ಕೊಟ್ಟು, ಹಸಿ ಕಡಲೆ ಬಿಡಿಸುತ್ತ ದಾಸವಾಳದ ಮಗ್ಗುಲಿಗೆ ಕೂತಿದ್ದೆ. ಕೆಲಸವಿಲ್ಲದ ಕಣ್ಣು ಗಿಡದ ಮೇಲೆ ಹೋಯಿತು. ಇರುವೆಯ ಸಾಲು. ಬುಡದಲ್ಲಿ ಬೆಲ್ಲ-ಅನ್ನ ಇದೆಯಲ್ಲ, ಇರುವೆ ಬಂದೇ ಬರುತ್ತದೆ, ಅದರಲ್ಲೇನು ಅಂದುಕೊಂಡಿದ್ದೆ. ಆದರೆ ಸಾಲು ಬೆಲ್ಲದ ಹತ್ತಿರ ನಿಲ್ಲಲಿಲ್ಲ. ಮೇಲೆ ಹತ್ತಿತು. ನೇರ ಬಿಳಿ ಹುಳದ ಹತ್ತಿರ. ಸರಿ, ಹಿಡಿದು ತಿನ್ನುತ್ತವೆ, ಪೀಡೆ ಹೋಯಿತು ಅಂತ ಖುಷಿಯಾಯಿತು. ತಿನ್ನಲಿಲ್ಲ. ಮೀಸೆಯಿಂದ ಬೆನ್ನು ಸವರಿದವು. ಹುಳದ ಹಿಂಭಾಗದಿಂದ ಒಂದು ಹನಿ ಬಂತು, ಇರುವೆ ಕುಡಿಯಿತು, ಮುಂದಿನದಕ್ಕೆ ಹೋಯಿತು.

ಹಾಲು ಕರೆಯುತ್ತಿದ್ದವು! ನಾನು ಕೊಟ್ಟಿಗೆ ನೋಡಿದವಳು, ನನಗೆ ಹೇಳಿಕೊಡಬೇಕೇ? ಕಡಲೆಯ ಕಡ್ಡಿಯಿಂದ ಒಂದು ಹುಳವನ್ನು ಕೆಡವಿದೆ. ಒಂದು ಇರುವೆ ಬಂದು ಅದನ್ನು ಬಾಯಲ್ಲಿ ಕಚ್ಚಿಕೊಂಡು, ಹೊಸ ಕುಡಿಯ ಮೇಲೆ ಒಯ್ದು ಬಿಟ್ಟಿತು. ಮೇವು ಚೆನ್ನಾಗಿರುವ ಕಡೆ ಎಮ್ಮೆ ಕಟ್ಟುವ ಹಾಗೆ. ಕುಂಡದ ಮಣ್ಣು ಕೆದರಿದರೆ ಒಳಗೆ ಇರುವೆಯ ಊರೇ ಇತ್ತು. ಕೆಳಗೆ ದಿನಾ ಬೆಲ್ಲ-ಅನ್ನದ ಊಟ, ಮೇಲೆ ಹೈನ. ಇಂಥ ಅನುಕೂಲದ ಸಂಸಾರ ನಮ್ಮ ಓಣಿಯಲ್ಲಿ ಯಾರದ್ದೂ ಇಲ್ಲ. ನಾನು ಬೂದಿ, ಗಂಜಿ, ಮೆಣಸಿನಕಾಯಿ ಅಂತ ಎಮ್ಮೆಗೆ ಹೊಡೆಯುತ್ತಿದ್ದೆ. ದನಗಾಹಿಯನ್ನು ಊಟ ಹಾಕಿ ಸಾಕಿದವಳು ಬೀಗತಿ.

ಇದನ್ನು ಸೊಸೆಗೆ ಹೇಳಬೇಕಲ್ಲ, ಹೇಗೆ? ನನ್ನ ನಾಲಗೆಗೆ ಲಗಾಮು ಇಲ್ಲ ಅಂತ ಊರೆಲ್ಲ ಅನ್ನುತ್ತದೆ. ಹಿಂದೊಮ್ಮೆ ಇವಳ ತಾಯಿ ಕಳಿಸಿದ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಅಂದಿದ್ದೆ. ಮರುದಿನದಿಂದ ನನ್ನ ಸಾರಿಗೆ ಉಪ್ಪೇ ಬೀಳಲಿಲ್ಲ, ಮಾವಿನಕಾಯಿಯ ಕಾಲ ಮುಗಿಯುವ ತನಕ. ಉಪ್ಪಿನ ಮಾತಿಗೇ ಹಾಗೆ. ಇನ್ನು ‘ನಿನ್ನ ತವರಿನ ಗಿಡವನ್ನು ನಿನ್ನ ತಾಯಿಯ ಭಕ್ತಿಯೇ ತಿನ್ನುತ್ತಿದೆ’ ಅಂದರೆ?

ಹೇಳದೆ ಮಾಡೋಣ ಅಂತ ಒಂದು ದಾರಿ ಹುಡುಕಿದೆ. ಸೊಸೆ ಬೆಲ್ಲ-ಅನ್ನ ಇಟ್ಟು ಕೆಳಗಿಳಿದ ಕೂಡಲೇ ನಾನು ಹತ್ತುವುದು, ಎಲೆ ಎತ್ತುವುದು. ಅನ್ನ ಚೆಲ್ಲಬಾರದು, ಪಾಪ. ಆಕಳಿಗೆ ಕೊಡಲು ಹೋದರೆ ಸೊಸೆಯ ಮುಂದೆ ಹಾಯ್ದು ಹೋಗಬೇಕು. ಉಳಿದದ್ದು ನನ್ನ ಬಾಯಿ. ತಿಂದೆ. ರುಚಿಯಾಗಿತ್ತು. ನನ್ನ ತಟ್ಟೆಗೆ ಬೀಳುವುದಕ್ಕಿಂತ ಭೂಮಿತಾಯಿಗೆ ತುಪ್ಪ ಹೆಚ್ಚು ಬೀಳುತ್ತಿತ್ತು.

ಎರಡು ದಿನ ಕಳೆದಿರಲಿಲ್ಲ, ಸೊಸೆ ಮಾಳಿಗೆಯಿಂದ ಓಡುತ್ತ ಬಂದಳು. ಮುಖ ಅರಳಿತ್ತು.

“ಅತ್ತಿ! ಎಲಿ ಖಾಲಿ! ಒಂದು ಅಗಳೂ ಉಳಿದಿಲ್ಲ. ಮೊದ್ಲ ಇರಿವಿ ತಿಂದು ಅರ್ಧ ಬಿಡ್ತಿದ್ವು. ಈಗ ಒರಸಿ ಇಟ್ಟಂಗ ಐತಿ!”

“ಹೌದೇನ?” ಅಂದೆ. ಇನ್ನೇನು ಅನ್ನಲಿ.

“ಭೂಮಿತಾಯಿ ಕೈ ಹಿಡದ್ಳು ಅತ್ತಿ. ಇನ್ನ ನಮ್ಮ ದಾಸಾಳ ಉಳೀತೈತಿ.”

ಅವ್ವನಿಗೆ ಫೋನು ಮಾಡಿದಳು. ಅತ್ತ ಕಡೆಯಿಂದ ಬೀಗತಿಯ ಕೂಗು ಫೋನಿಲ್ಲದೆಯೂ ಕೇಳುವಂತಿತ್ತು. ಮರುದಿನ ಬೆಲ್ಲ-ಅನ್ನದ ಬದಲು ಗೋದಿ-ಬೆಲ್ಲದ ಮಾದಲಿ ಬಂತು, ಹಾಲು ಹಾಕಿ. ಆಮೇಲೆ ಹೋಳಿಗೆ. ನಾನು ತಿನ್ನುವುದು ಬಿಟ್ಟರೆ ಇರುವೆಗೆ ಹಬ್ಬ, ತಿಂದರೆ ಇವಳ ಭಕ್ತಿಗೆ ಹಬ್ಬ. ತಿಂದೆ. ಸಕ್ಕರೆ ನೋಡುವ ಡಾಕ್ಟರು ಚೀಟಿ ಹಿಡಿದು ಹುಬ್ಬೇರಿಸಿದರು.

“ಅಜ್ಜೀ, ಏನು ತಿನ್ತೀರಿ?”

“ಏನ ತಿನ್ನಲ್ರಿ, ಜ್ವಾಳದ ರೊಟ್ಟಿ, ಪಲ್ಲೆ.” ಡಾಕ್ಟರಿಗೆ ಭೂಮಿತಾಯಿಯ ವಿಷಯವೆಲ್ಲ ಯಾಕೆ?

ಇಷ್ಟೆಲ್ಲ ಮಾಡಿ ಲಾಭವೇನು? ಬುಡದ ಊಟ ನಿಂತಿತು, ಮೇಲಿನ ಹೈನ ನಿಲ್ಲಲಿಲ್ಲ. ಇರುವೆಗಳು ಇನ್ನೂ ಹೆಚ್ಚು ಎಮ್ಮೆ ಕಟ್ಟಿದವು. ಹುಳ ಬದನೆಗೂ ದಾಟಿತು. ಸಂಕ್ರಾಂತಿ ಹತ್ತಿರ ಬಂತು, ಮಗ ಒಂದು ಗೋಣಿಚೀಲ ತಂದು ಮೆಟ್ಟಿಲ ಬಾಯಿಗೆ ಇಟ್ಟ. ಸೊಸೆ ಅದನ್ನು ದಾಟುವಾಗಲೆಲ್ಲ ಸೀರೆ ಎತ್ತಿ ದಾಟುತ್ತಿದ್ದಳು, ಹೊಲಸು ತುಳಿಯಬಾರದು ಅನ್ನುವಂತೆ.

ಭೋಗಿಯ ಹಿಂದಿನ ಸಂಜೆ ಬೀಗತಿ ಬಂದಿಳಿದಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳಿನ ಹಿಂಡಿಯ ಗಂಟು. ಕರಿ ಕನ್ನಡಕ ಹೋಗಿತ್ತು. ಬಂದವಳೇ, “ಬೀಗತಿಯವರ, ನಿಮ್ಮ ಮಾರಿ ಮ್ಯಾಲೆ ಇಷ್ಟು ನೆರಿಗಿ ಇದ್ವಂತ ನನಗ ಗೊತ್ತ ಇದ್ದಿಲ್ಲ!” ಅಂದಳು. ಹೊಸ ಕಣ್ಣಿನ ಮೊದಲ ಉಪಯೋಗ.

ಭೋಗಿಯ ಬೆಳಿಗ್ಗೆ ತಾಯಿ-ಮಗಳು ಸೇರಿ ದಾಸವಾಳದ ಬುಡಕ್ಕೆ ಶೇಂಗಾ ಹೋಳಿಗೆ ಇಟ್ಟು ಬಂದರು. ಸೊಸೆ ಅಡುಗೆ ಮನೆಗೆ ಹೋದಳು. ಬೀಗತಿ ಬಚ್ಚಲಿಗೆ ಹೋದಳು ಅಂದುಕೊಂಡೆ. ಮಂಡಿ ಹಿಡಿದುಕೊಂಡು ಮೇಲೆ ಹತ್ತಿದೆ, ನಾಲ್ಕೂ ಕಡೆ ನೋಡಿದೆ, ‘ಅಯ್ಯಪ್ಪಾ’ ಅಂತ ನರಳುತ್ತ ಕುಂಡದ ಮುಂದೆ ಕೂತೆ, ಹೋಳಿಗೆ ಮುರಿದು ಬಾಯಿಗೆ ಇಟ್ಟೆ.

ನೀರಿನ ಟಾಕಿಯ ಹಿಂದಿನಿಂದ ದನಿ ಬಂತು.

“ಭೂಮಿತಾಯಿಗೆ ಮಂಡಿನೋವು ಐತಿ ಅಂತ ಯಾರೂ ಹೇಳಿದ್ದಿಲ್ಲ ನನಗ!”

ಬೀಗತಿ. ಭೂಮಿತಾಯಿ ಬಂದು ಉಣ್ಣುವುದನ್ನು ಹೊಸ ಕಣ್ಣಲ್ಲಿ ನೋಡಬೇಕು ಅಂತ ಅಲ್ಲಿ ಅಡಗಿ ಕೂತಿದ್ದಳು. ಶೇಂಗಾ ಹೋಳಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ನಾನು ಕೈ ಆಡಿಸಿ ಆಡಿಸಿ ಏನೋ ಹೇಳಹೊರಟೆ, ದನಿ ಬರಲಿಲ್ಲ.

“ನುಂಗ್ರಿ, ನುಂಗ್ರಿ. ಹೊತ್ತು ಐತಿ. ಅಲ್ರೀ, ಮನ್ಯಾಗ ಊಟಕ್ಕ ಹಾಕೂದಿಲ್ಲೇನು ನನ್ನ ಮಗಳು, ಕದ್ದು ತಿನ್ನಾಕತ್ತೀರಿ?”

ನುಂಗಿದೆ. ನುಂಗಿದ ಮೇಲೆ ಲಗಾಮು ಹರಿಯಿತು.

“ನಿಮ್ಮ ಮಗಳು ಹಾಕ್ತಾಳ. ನಿಮ್ಮ ಮಾತು ಕೇಳಿ ಇರಿವಿಗೂ ಹಾಕ್ತಾಳ. ಬರ್ರಿ ಇಲ್ಲಿ. ಹೊಸಾ ಕಣ್ಣು ತಂದೀರೆಲ್ಲ, ನನ್ನ ನೆರಿಗಿ ಎಣಸೂದು ಬಿಟ್ಟು ಇದನ್ನ ನೋಡ್ರಿ.”

ಬೀಗತಿ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಬಂದಳು. ಬಗ್ಗಿದಳು. ನಾನು ಸಾಲು ತೋರಿಸಿದೆ, ಮಣ್ಣು ಕೆದರಿ ಊರು ತೋರಿಸಿದೆ, ಒಂದು ಹುಳ ಕೆಡವಿದೆ. ಇರುವೆ ಅದನ್ನು ಎತ್ತಿಕೊಂಡು ಹತ್ತಿತು. ಬೀಗತಿಯ ಮೂಗು ಎಲೆಗೆ ತಾಗುವಷ್ಟು ಹತ್ತಿರ ಹೋಗಿತ್ತು. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಹಿಂಡತಾವಲ್ರೀ!” ಅಂದಳು ಕೊನೆಗೆ.

“ಎರಡೂ ಹೊತ್ತು.”

ಬೀಗತಿ ಕುಂಡದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. “ಹೊಲದಾಗ ಚೆಲ್ಲಿದ್ದು ನೂರು ಬಾಯಿಗೆ ಹೋಕ್ಕೈತಿ. ಗುಬ್ಬಿ ತಿಂದ್ವು, ಇಲಿ ತಿಂದ್ವು, ಇರಿವಿಗೊಂದು ಕಾಳು ಸಿಕ್ತು. ಇಲ್ಲಿ ಒಂದ ಡಬ್ಬಿ, ಒಂದ ಮನೆತನ. ಬಸುರಿಗೆ ಬಯಕಿ ಊಟ ಅಂತ ಒಯ್ದು, ಆಕಿ ಹೊಟ್ಟಿ ಮ್ಯಾಲೆ ಇಟ್ಟಂಗ ಆತು ನನ್ನ ಕೆಲಸ.” ಆಮೇಲೆ ದನಿ ತಗ್ಗಿಸಿದಳು. “ಆಕಿಗೆ ಯಾರು ಹೇಳೋರು ಇದನ್ನ?”

“ನೀವ ಹೇಳ್ರಿ. ನಿಮ್ಮ ಮಗಳು.”

“ನಿಮ್ಮ ಸೊಸಿ, ನೀವ ಹೇಳ್ರಿ.”

“ನಾ ಉಪ್ಪಿನಕಾಯಿ ಬಗ್ಗೆ ಹೇಳಿ ಅನುಭೋಗಿಸೀನ್ರಿ.”

“ಯಾವ ಉಪ್ಪಿನಕಾಯಿ? ನನ್ನ ಉಪ್ಪಿನಕಾಯಿಗೆ ಏನಾಗಿತ್ತು?”

“ಏನೂ ಹೇಳೂದು ಬ್ಯಾಡ, ಎಲ್ಲಾ ಕೇಳೀನಿ” ಅಂದಿತು ಮೆಟ್ಟಿಲ ಕಡೆಯಿಂದ ಇನ್ನೊಂದು ದನಿ.

ಸೊಸೆ ಲಟ್ಟಣಿಗೆ ಹಿಡಿದುಕೊಂಡು ನಿಂತಿದ್ದಳು. ಇಬ್ಬರನ್ನೂ ನೋಡಿದಳು. ನನ್ನ ಸೆರಗಿನ ಮೇಲೆ ಶೇಂಗಾದ ಪುಡಿ ಇತ್ತು.

“ಅತ್ತಿ, ಇಷ್ಟು ದಿನ ನೀವ ತಿಂದ್ರಿ?”

“ನಾನ ತಿಂದೆ.”

“ಅವ್ವಾ, ಸುಗ್ಗಿ ಮುಗಿಯೂ ಮಟ ದಿನಾ ಇಡಬೇಕು ಅಂತ ಯಾರು ಹೇಳಿದ್ರು ನಿನಗ?”

ಬೀಗತಿ ಚಪ್ಪಲಿ ಹುಡುಕುವವಳಂತೆ ನೆಲ ನೋಡಿದಳು. “ಇಡಾಕ ಬರ್ತೈತಿ ಅಂತ ಹೇಳಿದೆ. ಇಡಲೇಬೇಕು ಅಂತಲ್ಲ.”

ನಾನು ಬೈಗುಳಕ್ಕೆ ತಯಾರಾಗಿ ಕೂತೆ. ಬೈಗುಳ ಬರಲಿಲ್ಲ. ಅವಳು ಲಟ್ಟಣಿಗೆ ಕೆಳಗಿಟ್ಟು ದಾಸವಾಳದ ಹತ್ತಿರ ಬಂದಳು. ಟೊಂಗೆ ಟೊಂಗೆಗೂ ಬಿಳಿ. ಒಂದು ಮೊಗ್ಗು ಬಿಡಿಸಿ ನೋಡಿದಳು, ಒಳಗೂ ಅದೇ. “ಉಳಿಯೂದಿಲ್ಲೇನು?” ಅಂತ ಕೇಳಿದಳು. ಯಾರನ್ನು ಕೇಳಿದಳೋ.

“ಟೊಂಗಿ ಎಲ್ಲಾ ಹೋಗಬೇಕು ಮಗಳ. ಮಂಡಿ ಎತ್ತರ ಬಿಟ್ಟು ಸವರಬೇಕು” ಅಂದಳು ಬೀಗತಿ.

“ಸತ್ತರ? ಊರಾಗ ತಾಯಿಗಿಡಾನೂ ಇಲ್ಲ.”

ಬೀಗತಿ ನನ್ನ ಕಡೆ ನೋಡಿದಳು. ಸುಳ್ಳು ಹೇಳಲು ನನಗೂ ಮನಸ್ಸಾಗಲಿಲ್ಲ. “ಸವರಿದ್ರ ಉಳದ್ರೂ ಉಳೀಬೌದು, ಸತ್ರೂ ಸಾಯಬೌದು. ಬಿಟ್ರ ನಾಳೆ ನನ್ನ ಮಗನ ಚೀಲಕ್ಕ ಹೋಗೂದಂತೂ ಖರೆ” ಅಂದೆ.

ಕುಡುಗೋಲು ಬೀಗತಿ ಹಿಡಿಯಲು ಹೋದಳು. ಸೊಸೆ ಕಸಿದುಕೊಂಡಳು. “ನಾನ ಹಚ್ಚೀನಿ, ನಾನ ಸವರ್ತೀನಿ.” ಒಂದೊಂದೇ ಟೊಂಗೆ. ಕಣ್ಣಲ್ಲಿ ನೀರು ಇತ್ತು, ಪೆಟ್ಟು ಮಾತ್ರ ಒಂದೂ ತಪ್ಪಲಿಲ್ಲ. ಹೊಲದವಳ ಮಗಳು. ಮಗ ತಂದಿಟ್ಟ ಗೋಣಿಚೀಲಕ್ಕೇ ಟೊಂಗೆಗಳನ್ನು ತುಂಬಿ, ಒಂದು ಹುಳವೂ ಉದುರದಂತೆ ಬಾಯಿ ಕಟ್ಟಿದೆವು. ಆ ಚೀಲವನ್ನು ಒಯ್ದು ಓಣಿಯ ಹೊರಗೆ ಸುಟ್ಟೆವು.

ಭೋಗಿ ಹಬ್ಬ ಹೀಗೆ ಮಾಳಿಗೆಯ ಮೇಲೆ ಆಯಿತು. ಕುಂಡದ ಮೇಲಿನ ಮಣ್ಣನ್ನು ಇರುವೆಯ ಊರಿನ ಸಮೇತ ತೋಡಿ ತೆಗೆದು ಹೊಸ ಮಣ್ಣು ತುಂಬಿದೆವು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು, ಅದಕ್ಕೆ ಬೇವಿನೆಣ್ಣೆ ಈ ಸಲ ಹನಿಯ ಲೆಕ್ಕದಲ್ಲಿ, ಹೊಡೆದದ್ದೂ ಇಳಿಬಿಸಿಲಲ್ಲಿ. ಬುಡದ ಬೊಡ್ಡೆಯನ್ನು ಕೂಸಿನ ಬೆನ್ನು ತಿಕ್ಕಿದಂತೆ ಬೀಗತಿ ತಿಕ್ಕಿದಳು. ಬದನೆಯ ಎಲೆಗಳನ್ನು ನಾನು ಒರೆಸಿದೆ. ಕೆಳಗಿನಿಂದ ಮಗ ಕೂಗಿದ.

“ಯವ್ವಾ, ಊಟಕ್ಕ ಏನೈತಿ?”

“ಸಜ್ಜಿ ರೊಟ್ಟಿ ಐತಿ, ನೀನ ತಗೊಂಡು ಉಣ್ಣು. ನಾವು ಜಳಕ ಮಾಡಸಾಕತ್ತೀವಿ!”

“ಯಾರಿಗೆ?”

ಸೊಸೆ ಬ್ರಷ್ಷನ್ನು ಮತ್ತೆ ಸೋಪಿನ ನೀರಿಗೆ ಅದ್ದಿದಳು.

ಇರುವೆ ಮತ್ತೆ ಹತ್ತಬಾರದಲ್ಲ. ಅದಕ್ಕೆ ಉಪಾಯ ಯಾರೂ ಕಲಿಸಬೇಕಾಗಿರಲಿಲ್ಲ. ಬೆಲ್ಲದ ಡಬ್ಬಿಗೆ ಇರುವೆ ಬರದಂತೆ ನೀರಿನ ತಟ್ಟೆಯಲ್ಲಿ ಇಡುವುದನ್ನು ಮೂವರೂ ಕೂಸಿದ್ದಾಗಿನಿಂದ ನೋಡಿದವರೇ. ಕುಂಡಕ್ಕೆ ಸಾಲುವಷ್ಟು ದೊಡ್ಡದು ಮನೆಯಲ್ಲಿ ಇದ್ದದ್ದು ಹಿಟ್ಟು ನಾದುವ ಪರಾತ ಒಂದೇ. ಸೊಸೆ ತಾನೇ ತಂದಳು. ಪರಾತದಲ್ಲಿ ಇಟ್ಟಂಗಿ, ಇಟ್ಟಂಗಿಯ ಮೇಲೆ ಕುಂಡ, ಸುತ್ತ ನೀರು. ಸೊಳ್ಳೆ ಮೊಟ್ಟೆ ಇಡಬಾರದು ಅಂತ ನೀರಿಗೆ ಒಂದು ಹನಿ ಬೇವಿನೆಣ್ಣೆ, ಮತ್ತೆ ಮತ್ತೆ ಬದಲಿಸುವುದು. ಗೋಡೆಗೆ ತಾಗದಂತೆ ನಡುವಿಗೆ ಎಳೆದೆವು, ತಾಗಿದರೆ ಇರುವೆಗೆ ಸೇತುವೆ. ದಾಸವಾಳ ಕೆರೆಯ ನಡುವಿನ ಗುಡಿಯಂತೆ ಕೂತಿತು. ಗುಡಿಯಲ್ಲಿ ದೇವರಿಲ್ಲ, ಬರೀ ಒಂದು ಬೋಳು ಕೋಲು.

ಸಂಕ್ರಾಂತಿಯ ದಿನ ಮಗ ಮೇಲೆ ಬಂದ. ಚೀಲ ಹುಡುಕಿದ, ಇರಲಿಲ್ಲ. ಗಿಡ ಹುಡುಕಿದ, ಅದೂ ಇರಲಿಲ್ಲ.

“ಇದರಾಗ ಕಿತ್ತು ಒಗ್ಯಾಕ ಏನ ಉಳದೈತಿ?”

“ಅದನ್ನ ನಾವೂ ನೋಡಾಕತ್ತೀವಿ” ಅಂದೆ.

ಅವನು ಹೆಂಡತಿಯ ಮುಖ ನೋಡಿದ. ಪರಾತದಲ್ಲಿ ನೀರು ಕಡಿಮೆಯಾಗಿದ್ದಕ್ಕೆ ಒಂದು ತಂಬಿಗೆ ಸುರಿದು ಇಳಿದು ಹೋದ. ಬೀಗತಿಯೂ ಮರುದಿನ ಊರಿಗೆ ಹೋದಳು. ಹೊಸ್ತಿಲ ಮೇಲೆ ನಿಂತು ಚಪ್ಪಲಿ ಮೆಟ್ಟುತ್ತ ಬಾಯಿ ತೆರೆದಳು, ನಾನು ನೋಡಿದೆ, ಮುಚ್ಚಿದಳು. “ಚರಗ ಏನಿದ್ರೂ ಇನ್ನ ಮ್ಯಾಲೆ ಹೊಲದಾಗ” ಅಂತ ಮಾತ್ರ ಅಂದಳು.

ಆಮೇಲಿನ ದಿನಗಳು ಉದ್ದವಾಗಿದ್ದವು. ಸೊಸೆ ದಿನಾ ಬೆಳಿಗ್ಗೆ ಹೋಗಿ ಉಗುರಿನಿಂದ ಬೊಡ್ಡೆಯ ಸಿಪ್ಪೆ ಒಂದು ಚೂರು ಕೆರೆಯುವಳು. ಒಳಗೆ ಹಸಿರು ಕಂಡರೆ ಕೆಳಗಿಳಿದು ಚಹ ಮಾಡುವಳು. “ಹಂಗ ದಿನಾ ಕೆರದ್ರ ಹುಳ ಬಿಟ್ಟದ್ದನ್ನ ನೀನ ಸುಲಿದು ಮುಗಸ್ತಿ” ಅಂದೆ. ಕೆರೆಯುವುದನ್ನು ಬಿಟ್ಟಳು, ನೋಡುವುದನ್ನು ಬಿಡಲಿಲ್ಲ. ರೊಟ್ಟಿ ಮೆತ್ತಗೂ ಇರಲಿಲ್ಲ, ಗಟ್ಟಿಯೂ ಇರಲಿಲ್ಲ. ಅವಳೂ ಗಿಡದಂತೆಯೇ ನಡುವೆ ನಿಂತಿದ್ದಳು. ನಾನು ಅದು ಸತ್ತಿತು ಅಂತಲೇ ತಿಳಿದಿದ್ದೆ, ಬಾಯಿಬಿಟ್ಟು ಅನ್ನಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ತಪಸ್ಸು.

ಬಿಸಿಲು ಏರುವ ಹೊತ್ತಿಗೆ, ಶಿವರಾತ್ರಿಯ ಹತ್ತಿರ, ಬೊಡ್ಡೆಯ ಗಂಟಿನಲ್ಲಿ ಕೆಂಪಗೆ ಒಂದು ಸಾಸಿವೆ ಕಾಳಿನಷ್ಟು ಕಂಡಿತು. ಕಾಳು ಕುಡಿಯಾಯಿತು, ಕುಡಿ ಎಲೆಯಾಯಿತು. ಮತ್ತೊಂದು ಗಂಟಿನಲ್ಲಿ ಇನ್ನೊಂದು.

ಮೊನ್ನೆ ಬೆಳಿಗ್ಗೆ ಮಾಳಿಗೆಯಿಂದ ಕೂಗು ಬಂತು. “ಅತ್ತಿ, ಲಗೂನ ಬರ್ರಿ!” ಮಂಡಿ ಹಿಡಿದು ಹತ್ತಿದೆ. ಎಳೆ ಎಲೆಯ ಬೆನ್ನಿಗೆ ಒಂದು ಬಿಳಿ ಚುಕ್ಕೆ. ಸೊಸೆ ಆ ಎಲೆಯನ್ನು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

“ಇರಿವಿ ಅದಾವೇನು ನೋಡು.”

“ಒಂದೂ ಇಲ್ಲ.”

“ಹಂಗಾರ ಕಾಯೋರಿಲ್ಲದ ಎಮ್ಮಿ ಅದು. ಒರಸು.”

ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಆ ಎಲೆ ತಿರುವಿದಳು, ಅದರ ಮೇಲಿನದು ತಿರುವಿದಳು, ಇದ್ದ ಎಲ್ಲ ಎಲೆಗಳನ್ನೂ ತಿರುವಿ ಮತ್ತೆ ಮೊದಲಿನದಕ್ಕೆ ಬಂದಳು.

“ಕೆಳಗ ಹಾಲು ಉಕ್ಕಾಕತ್ತೈತಿ” ಅಂದೆ.

“ಉಕ್ಕಲಿ ಬಿಡ್ರಿ” ಅಂದಳು.

ನಾನೇ ಇಳಿದು ಹೋಗಿ ಒಲೆ ಆರಿಸಿದೆ.